ರಟ್ಟೆ ದಪ್ಪಗಾಗಬೇಕಾದರೆ ತೋಳಿನೊಳಗೆ ಏನು ನಡೆಯಬೇಕು?

ನನ್ನ ಅಕ್ಕನ ಮಗ ದಾವಣಗೆರೆಯಲ್ಲಿ ಡಿಪ್ಲೊಮಾ ಓದುತ್ತಾನೆ. ಹಾಸ್ಟೆಲ್ ಪಕ್ಕದಲ್ಲೇ ಜಿಮ್ ಶುರುವಾಯಿತು ಅಂತ ಸೇರಿಕೊಂಡ. ಮೂರು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ರಜೆಗೆ ಬಂದವನು ಅವರಮ್ಮನ ಹೊಲಿಗೆ ಮಷೀನಿನ ಡ್ರಾಯರ್‌ನಿಂದ ಟೇಪ್ ತೆಗೆದು ತೋಳಿಗೆ ಸುತ್ತಿ ನನಗೆ ತೋರಿಸಿದ. "ನೋಡಿ ಮಾಮ, ಸೇರುವಾಗ 11 ಇಂಚು ಇತ್ತು. ಈಗಲೂ 11. ಎಲ್ಲಿ ತಪ್ಪಾಯಿತು?"

ಏನು ಮಾಡುತ್ತಿದ್ದೆ ಅಂತ ಕೇಳಿದೆ. ದಿನಾ 5 ಕೆಜಿ ಡಂಬಲ್ ಹಿಡಿದು 15 ಸಲ ಮೇಲಕ್ಕೆತ್ತುವುದು, ಹೀಗೆ ನಾಲ್ಕು ಸುತ್ತು. ಮೊದಲ ದಿನವೂ ಅದೇ, ತೊಂಬತ್ತನೇ ದಿನವೂ ಅದೇ. ಬೆಳಿಗ್ಗೆ ಟೀ, ರಸ್ಕು. ರಾತ್ರಿ ಒಂದು ಗಂಟೆಯವರೆಗೆ ಫೋನು. ಶ್ರದ್ಧೆಯಲ್ಲಿ ಹುಡುಗ ಏನೂ ಕಮ್ಮಿ ಮಾಡಿರಲಿಲ್ಲ. ತೋಳು ಹೇಗೆ ಬೆಳೆಯುತ್ತದೆ ಅಂತ ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಈಗ ತಾಲ್ಲೂಕು ಊರುಗಳಲ್ಲೂ ಜಿಮ್ ಇವೆ. ದುಡ್ಡು ಕಟ್ಟಿ ಸೇರುವ ಮಕ್ಕಳು ಬಹಳ. ಅವರಿಗೂ, ಫೀಸು ಕೊಡುವ ಅಪ್ಪ ಅಮ್ಮಂದಿರಿಗೂ ಉಪಯೋಗವಾಗಲಿ ಅಂತ ಬುಡದಿಂದ ಬರೆಯುತ್ತಿದ್ದೇನೆ.

ರಟ್ಟೆಯ ಮುಂದೆ ಇಬ್ಬರು, ಹಿಂದೆ ಒಬ್ಬ

ಭುಜದಿಂದ ಮೊಣಕೈವರೆಗಿನ ಭಾಗವನ್ನು ರಟ್ಟೆ ಅನ್ನುತ್ತೇವೆ. ಅದರೊಳಗೆ ಒಂದೇ ಮೂಳೆ. ಅದರ ಸುತ್ತ ಸ್ನಾಯುಗಳು.

ಮುಂಭಾಗದಲ್ಲಿ ಉಬ್ಬಿ ಕಾಣುವುದು ಬೈಸೆಪ್ಸ್. ಲ್ಯಾಟಿನ್‌ನಲ್ಲಿ ಈ ಹೆಸರಿಗೆ ಎರಡು ತಲೆಯದ್ದು ಅಂತ ಅರ್ಥ. ಮೇಲ್ಗಡೆ ಇದು ಎರಡು ಕವಲಾಗಿ ಹೆಗಲ ಹಿಂದಿನ ಹಲಗೆಮೂಳೆಗೆ ಕಟ್ಟಿಕೊಂಡಿರುತ್ತದೆ. ಕೆಳಗೆ ಮೊಣಕೈ ದಾಟಿ ಮುಂಗೈ ಮೂಳೆಗೆ ಅಂಟಿರುತ್ತದೆ. ಬೈಸೆಪ್ಸ್ ಅಡಿಯಲ್ಲಿ ಇನ್ನೊಂದು ಸ್ನಾಯು ಅಡಗಿದೆ. ಅದರ ಹೆಸರು ಬ್ರೇಕಿಯಾಲಿಸ್. ಕನ್ನಡಿಯಲ್ಲಿ ಕಾಣದಿದ್ದರೂ ಕೈ ಮಡಿಸುವ ಕೆಲಸದಲ್ಲಿ ಇದೇ ಗಟ್ಟಿಗ. ಇದು ದಪ್ಪಗಾದರೆ ಮೇಲಿನ ಬೈಸೆಪ್ಸನ್ನೂ ಹೊರಕ್ಕೆ ತಳ್ಳುತ್ತದೆ.

ಹಿಂಭಾಗದಲ್ಲಿರುವುದು ಟ್ರೈಸೆಪ್ಸ್. ಇದಕ್ಕೆ ಮೂರು ತಲೆ. ಮಡಿಸಿದ ಕೈಯನ್ನು ನೆಟ್ಟಗೆ ಮಾಡುವುದು ಇದರ ಕೆಲಸ. ಬಾಗಿಲು ತಳ್ಳುವಾಗ, ನೆಲಕ್ಕೆ ಕೈ ಊರಿ ಏಳುವಾಗ, ಕೆಟ್ಟು ನಿಂತ ಬೈಕ್ ನೂಕುವಾಗ ದುಡಿಯುವುದು ಇದೇ.

ನನ್ನ ಅಳಿಯನಿಗೆ ಅಚ್ಚರಿಯಾದ ವಿಷಯ ಇಲ್ಲಿದೆ. ರಟ್ಟೆಯ ಒಟ್ಟು ಸ್ನಾಯುವಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಹಿಂದಿನ ಟ್ರೈಸೆಪ್ಸ್‌ನದ್ದು. ಟೇಪ್ ಸುತ್ತಿದಾಗ ಬರುವ ಅಳತೆಯಲ್ಲಿ ಹಿಂಭಾಗವೇ ದೊಡ್ಡ ಪಾಲುದಾರ. ಹುಡುಗರು ಕನ್ನಡಿ ಮುಂದೆ ನಿಂತು ಮುಂಭಾಗವನ್ನಷ್ಟೇ ದುಡಿಸುತ್ತಾರೆ. ಮೂರು ತಿಂಗಳಲ್ಲಿ ನಮ್ಮ ಹುಡುಗ ಟ್ರೈಸೆಪ್ಸ್‌ಗೆ ಅಂತ ಒಂದು ದಿನವೂ ವ್ಯಾಯಾಮ ಮಾಡಿರಲಿಲ್ಲ.

ಸ್ಕ್ರೂಡ್ರೈವರ್ ಹಿಡಿದು ನೋಡಿ

ಬೈಸೆಪ್ಸ್ ಬರೀ ಕೈ ಮಡಿಸುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಅದಕ್ಕೆ ಇನ್ನೊಂದು ಕೆಲಸವಿದೆ. ಅದನ್ನು ನಿಮ್ಮ ತೋಳಿನಲ್ಲೇ ಮುಟ್ಟಿ ನೋಡಬಹುದು.

ಬಲ ಮೊಣಕೈಯನ್ನು ಪಕ್ಕೆಗೆ ಒತ್ತಿ, ಮುಂಗೈ ಮುಂದಕ್ಕೆ ಚಾಚಿ. ಎಡಗೈ ಬೆರಳುಗಳನ್ನು ಬಲಗೈ ಬೈಸೆಪ್ಸ್ ಮೇಲೆ ಇಡಿ. ಈಗ ಬಲ ಅಂಗೈಯನ್ನು ನೆಲದ ಕಡೆ ತಿರುಗಿಸಿ. ಸ್ನಾಯು ಮೆತ್ತಗಿರುತ್ತದೆ. ಬಿಗಿಯಾದ ಸ್ಕ್ರೂ ತಿರುಗಿಸುತ್ತಿದ್ದೀರಿ ಅಂದುಕೊಂಡು ಅಂಗೈಯನ್ನು ಬಲವಾಗಿ ಆಕಾಶದ ಕಡೆಗೆ ತಿರುಗಿಸಿ. ಬೆರಳ ಕೆಳಗೆ ಬೈಸೆಪ್ಸ್ ಗಂಟಾಗಿ ಏಳುವುದು ಗೊತ್ತಾಗುತ್ತದೆ.

ಅದಕ್ಕೇ ಅಂಗೈ ಮೇಲೆ ಮಾಡಿ ಭಾರ ಎತ್ತಿದರೆ ಬೈಸೆಪ್ಸ್‌ಗೆ ಪೂರ್ತಿ ಕೆಲಸ. ಅಂಗೈ ಕೆಳಗೆ ಮಾಡಿ ಎತ್ತಿದರೆ ಅದರ ಪಾಲು ಕಮ್ಮಿಯಾಗಿ ಅಡಿಯಲ್ಲಿರುವ ಬ್ರೇಕಿಯಾಲಿಸ್ ಮತ್ತು ಮುಂಗೈ ಸ್ನಾಯುಗಳು ಜಾಸ್ತಿ ದುಡಿಯುತ್ತವೆ. ಸುತ್ತಿಗೆ ಹಿಡಿದ ಹಾಗೆ ಹೆಬ್ಬೆರಳು ಮೇಲೆ ಮಾಡಿ ಎತ್ತಿದರೆ ಕೆಲಸ ಎಲ್ಲಕ್ಕೂ ಹಂಚಿಹೋಗುತ್ತದೆ. ಜಿಮ್‌ನಲ್ಲಿ ಒಂದೇ ಡಂಬಲ್ಲನ್ನು ಮೂರು ರೀತಿ ಹಿಡಿಸುವುದು ಇದೇ ಕಾರಣಕ್ಕೆ.

ಬೆಳೆಯುವುದು ಅಂದರೆ ಏನು?

ಸ್ನಾಯು ಅಂದರೆ ಸಾವಿರಾರು ತೆಳು ಎಳೆಗಳ ಕಟ್ಟು. ಒಂದೊಂದು ಎಳೆಯೂ ಒಂದು ಜೀವಕೋಶ. ಅದರೊಳಗೆ ಎರಡು ಬಗೆಯ ಪ್ರೋಟೀನ್ ದಾರಗಳಿವೆ, ಆಕ್ಟಿನ್ ಮತ್ತು ಮಯೋಸಿನ್. ಜಾತ್ರೆಯಲ್ಲಿ ತೇರಿನ ಹಗ್ಗ ಎಳೆಯುವುದನ್ನು ನೆನಪಿಸಿಕೊಳ್ಳಿ. ಆಕ್ಟಿನ್ ಹಗ್ಗ ಇದ್ದ ಹಾಗೆ. ಮಯೋಸಿನ್‌ನ ಪುಟ್ಟ ತಲೆಗಳು ಹಗ್ಗ ಹಿಡಿದ ಕೈಗಳ ಹಾಗೆ ಹಿಡಿಯುತ್ತವೆ, ಎಳೆಯುತ್ತವೆ, ಬಿಡುತ್ತವೆ, ಮತ್ತೆ ಹಿಡಿಯುತ್ತವೆ. ಕೋಟಿಗಟ್ಟಲೆ ತಲೆಗಳು ಹೀಗೆ ಎಳೆದಾಗ ಸ್ನಾಯು ಗಿಡ್ಡವಾಗುತ್ತದೆ, ಮೊಣಕೈ ಮಡಿಯುತ್ತದೆ.

ಭಾರ ಎತ್ತಿದಾಗ ಈ ಎಳೆಗಳ ಮೇಲೆ ಬಿಗಿತ ಬೀಳುತ್ತದೆ. ಆ ಬಿಗಿತವನ್ನು ಗುರುತಿಸುವ ವ್ಯವಸ್ಥೆ ಜೀವಕೋಶದಲ್ಲೇ ಇದೆ. ಇಷ್ಟು ಭಾರ ಮತ್ತೆ ಮತ್ತೆ ಬರುತ್ತಿದೆ, ಇರುವ ದಾರಗಳು ಸಾಲವು ಎಂಬ ಸೂಚನೆ ಹೋಗುತ್ತದೆ. ಆಮೇಲೆ ಕೋಶ ಹೊಸ ಪ್ರೋಟೀನ್ ಕಟ್ಟಿಕೊಳ್ಳುತ್ತದೆ. ಒಂದೊಂದು ಎಳೆಯೊಳಗೂ ದಾರಗಳು ಹೆಚ್ಚುತ್ತವೆ, ಎಳೆ ದಪ್ಪಗಾಗುತ್ತದೆ. ಎಳೆಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಗ್ಗ ಅದೇ, ಅದರೊಳಗಿನ ನೂಲು ಜಾಸ್ತಿಯಾದ ಹಾಗೆ.

ಈ ಕಟ್ಟುವ ಕೆಲಸದ ಬಹುಪಾಲು ನಡೆಯುವುದು ವ್ಯಾಯಾಮ ಮುಗಿದ ಮೇಲೆ. ಒಮ್ಮೆ ಚೆನ್ನಾಗಿ ದುಡಿಸಿದರೆ ಮುಂದಿನ ಒಂದೆರಡು ದಿನ ಪ್ರೋಟೀನ್ ಕಟ್ಟುವ ವೇಗ ಹೆಚ್ಚಾಗಿರುತ್ತದೆ. ಜಿಮ್‌ನಲ್ಲಿ ಕೊಡುವುದು ಆರ್ಡರ್ ಮಾತ್ರ. ಸರಕು ತಯಾರಾಗುವುದು ಊಟ, ನಿದ್ದೆಯ ಹೊತ್ತಿನಲ್ಲಿ.

ಮೊದಲ ತಿಂಗಳು ಶಕ್ತಿ ಬರುತ್ತದೆ, ಗಾತ್ರ ಬರುವುದಿಲ್ಲ

ಹೊಸದಾಗಿ ಶುರು ಮಾಡಿದವರು ಮೂರ್ನಾಲ್ಕು ವಾರದಲ್ಲೇ ಜಾಸ್ತಿ ಭಾರ ಎತ್ತುತ್ತಾರೆ. ತೋಳು ಮಾತ್ರ ಹಾಗೇ ಇರುತ್ತದೆ. ಇದು ಹೇಗೆ?

ಮೊದಲು ಕಲಿಯುವುದು ನರಗಳು. ಯಾವ ಎಳೆಗಳನ್ನು ಎಬ್ಬಿಸಬೇಕು, ಎಷ್ಟನ್ನು ಒಟ್ಟಿಗೆ ಎಬ್ಬಿಸಬೇಕು, ಯಾವುದನ್ನು ಸುಮ್ಮನಿರಿಸಬೇಕು ಎಂಬುದನ್ನು ಮಿದುಳು ರೂಢಿ ಮಾಡಿಕೊಳ್ಳುತ್ತದೆ. ಸೈಕಲ್ ಕಲಿತ ಹಾಗೆ. ಇದಕ್ಕೆ ಹಳೆಯ ಸಾಕ್ಷಿಯೊಂದಿದೆ. 1894ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಸ್ಕ್ರಿಪ್ಚರ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ಒಂದೇ ಕೈಗೆ ಅಭ್ಯಾಸ ಕೊಡಿಸಿದರು. ಅಭ್ಯಾಸವೇ ಮಾಡದ ಇನ್ನೊಂದು ಕೈಯ ಶಕ್ತಿಯೂ ಹೆಚ್ಚಿತ್ತು! ಕಲಿತದ್ದು ಮಿದುಳು ಅಲ್ವಾ, ಅದು ಎರಡೂ ಕೈಗೆ ಹಂಚಿತು. ಒಂದು ಕೈ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ಇನ್ನೊಂದು ಕೈಯಿಂದ ವ್ಯಾಯಾಮ ಮಾಡಿಸುವುದರ ಹಿಂದೆ ಇದೇ ತಿಳಿವಳಿಕೆ ಇದೆ.

ಹೀಗಾಗಿ ಮೊದಲ ಆರೆಂಟು ವಾರ ಟೇಪ್ ನೋಡಿ ಬೇಜಾರಾಗಬೇಡಿ. ಎತ್ತುವ ಭಾರ ಏರುತ್ತಿದೆಯಾ ಅಂತ ನೋಡಿ. ಅದು ಏರುತ್ತಿದ್ದರೆ ಗಾತ್ರ ಹಿಂದೆಯೇ ಬರುತ್ತದೆ.

ಸೆಟ್, ರೆಪ್, ಮತ್ತೆ ಕೊನೆಯ ಎರಡು

ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್. ನಿಲ್ಲಿಸದೆ ಮಾಡಿದ ಒಂದಷ್ಟು ರೆಪ್ ಸೇರಿದರೆ ಒಂದು ಸೆಟ್. ಎರಡು ಸೆಟ್ ನಡುವೆ ಒಂದೂವರೆಯಿಂದ ಮೂರು ನಿಮಿಷ ಸುಧಾರಿಸಿಕೊಳ್ಳಬೇಕು.

ಎಷ್ಟು ಭಾರ, ಎಷ್ಟು ರೆಪ್ ಅಂತ ಜನ ಜಗಳವಾಡುತ್ತಾರೆ. ಇತ್ತೀಚಿನ ವರ್ಷಗಳ ಅಧ್ಯಯನಗಳು ಇದಕ್ಕೆ ಸಮಾಧಾನದ ಉತ್ತರ ಕೊಟ್ಟಿವೆ. ಐದಾರು ರೆಪ್‌ಗೇ ಸಾಕಾಗುವ ದೊಡ್ಡ ಭಾರವಾಗಲಿ, 30 ರೆಪ್‌ವರೆಗೆ ಎತ್ತಬಹುದಾದ ಸಣ್ಣ ಭಾರವಾಗಲಿ, ಸ್ನಾಯುವಿನ ಗಾತ್ರ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತದೆ. ಒಂದೇ ಷರತ್ತು. ಸೆಟ್ ಮುಗಿಯುವ ಹೊತ್ತಿಗೆ ಇನ್ನು ಎರಡೋ ಮೂರೋ ಆಗಬಹುದು, ಅದಕ್ಕಿಂತ ಜಾಸ್ತಿ ಆಗಲ್ಲ ಅನ್ನುವಷ್ಟು ಸುಸ್ತಾಗಿರಬೇಕು.

ಯಾಕೆ ಹೀಗೆ? ಮತ್ತೆ ತೇರಿಗೇ ಬರೋಣ. ತೇರು ಸಮತಟ್ಟು ಬೀದಿಯಲ್ಲಿ ಹೊರಟಾಗ ಹತ್ತಾರು ಜನ ಎಳೆಯುತ್ತಾರೆ, ಉಳಿದವರು ಬಾಳೆಹಣ್ಣು ಎಸೆಯುತ್ತಾ ನೋಡುತ್ತಿರುತ್ತಾರೆ. ಗಾಲಿ ಹೂತುಕೊಂಡಾಗ ಊರಿಗೆ ಊರೇ ಹಗ್ಗಕ್ಕೆ ಕೈ ಹಾಕುತ್ತದೆ. ಸ್ನಾಯುವಿನಲ್ಲೂ ಹಾಗೆಯೇ. ಸಣ್ಣ ಕೆಲಸಕ್ಕೆ ಸಣ್ಣ ಎಳೆಗಳ ಗುಂಪು ಮೊದಲು ಏಳುತ್ತದೆ. ಭಾರ ಹೆಚ್ಚಿದಾಗ, ಇಲ್ಲವೇ ಮೊದಲು ಎದ್ದವು ದಣಿದಾಗ, ದೊಡ್ಡ ಗುಂಪುಗಳು ಒಂದೊಂದಾಗಿ ಸೇರಿಕೊಳ್ಳುತ್ತವೆ. ಜಾಸ್ತಿ ಬೆಳೆಯುವ ಗುಣ ಇರುವುದು ಕೊನೆಗೆ ಏಳುವ ಆ ದೊಡ್ಡ ಎಳೆಗಳಿಗೆ. ಅವುಗಳನ್ನು ಎಬ್ಬಿಸುವ ಮೊದಲೇ ಡಂಬಲ್ ಕೆಳಗಿಟ್ಟರೆ ಅವುಗಳಿಗೆ ಸುದ್ದಿಯೇ ಮುಟ್ಟುವುದಿಲ್ಲ.

ನಮ್ಮ ಹುಡುಗನ ವಿಷಯದಲ್ಲಿ ಆಗಿದ್ದು ಇದೇ. ಅವನ ಕೈಗೆ ಅದೇ 5 ಕೆಜಿ ಡಂಬಲ್ ಕೊಟ್ಟು, ಆಗುವವರೆಗೆ ಎತ್ತು ಅಂದೆ. 41 ಸಲ ಎತ್ತಿದ. ಅವನು ದಿನಾ ನಿಲ್ಲಿಸುತ್ತಿದ್ದದ್ದು 15ಕ್ಕೆ. ತೇರು ಸಮತಟ್ಟು ಬೀದಿ ಬಿಟ್ಟು ಕದಲಿಯೇ ಇರಲಿಲ್ಲ.

ಹೊಸಬರಿಗೆ ಸುಲಭವಾದ ಲೆಕ್ಕ ಹೇಳುತ್ತೇನೆ. 8ರಿಂದ 15 ರೆಪ್ ಒಳಗೆ ಕೈ ಸೋಲುವಂಥ ಭಾರ ಆರಿಸಿಕೊಳ್ಳಿ. ಬೈಸೆಪ್ಸ್‌ಗೆ ವಾರಕ್ಕೆ ಒಟ್ಟು ಆರೆಂಟು ಸೆಟ್, ಟ್ರೈಸೆಪ್ಸ್‌ಗೆ ಅಷ್ಟೇ. ಕೆಲವು ತಿಂಗಳ ಮೇಲೆ ಹತ್ತು, ಹನ್ನೆರಡಕ್ಕೆ ಏರಿಸಬಹುದು. ಎಲ್ಲವನ್ನೂ ಒಂದೇ ದಿನ ತುರುಕುವ ಬದಲು ವಾರದಲ್ಲಿ ಎರಡು ದಿನಕ್ಕೆ ಹಂಚಿ. ಬೆನ್ನಿಗೆ, ಎದೆಗೆ ವ್ಯಾಯಾಮ ಮಾಡುವಾಗಲೂ ತೋಳು ದುಡಿಯುತ್ತದೆ, ಅದನ್ನು ಮರೆಯಬೇಡಿ.

ಭಾರ ಏರುತ್ತಲೇ ಇರಬೇಕು

ಇಂದು ಕಷ್ಟವಾದ ಭಾರ ಎರಡು ತಿಂಗಳಿಗೆ ಸಲೀಸಾಗುತ್ತದೆ. ಸಲೀಸಾದ ಮೇಲೆ ಸ್ನಾಯುವಿಗೆ ಬೆಳೆಯಲು ಕಾರಣವೇ ಇಲ್ಲ. ಅದಕ್ಕೇ ಭಾರವನ್ನು ಸ್ವಲ್ಪ ಸ್ವಲ್ಪ ಏರಿಸಬೇಕು.

ನಮ್ಮ ಕಡೆ ಇದು ಹೊಸ ಮಾತಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹುಡುಗರು ಸಣ್ಣ ಗುಂಡುಕಲ್ಲಿನಿಂದ ಶುರು ಮಾಡಿ ವರ್ಷಗಳಲ್ಲಿ ದೊಡ್ಡ ಸಂಗ್ರಾಣಿ ಕಲ್ಲಿಗೆ ಬರುತ್ತಾರೆ. ಮೈಸೂರಿನ ಗರಡಿ ಮನೆಗಳಲ್ಲಿ ಹೊಸ ಹುಡುಗನಿಗೆ ಮೊದಲ ದಿನವೇ ದೊಡ್ಡ ಗದೆ ಕೊಡುವುದಿಲ್ಲ. ದಂಡೆ, ಬಸ್ಕಿಯ ಎಣಿಕೆ ಮೊದಲು ಏರಬೇಕು.

ಇದನ್ನು ಆಸ್ಪತ್ರೆಗೆ ತಂದವರು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಂದ ಆಗ ಹಗುರ ಭಾರವನ್ನು ಬಹಳ ಸಲ ಎತ್ತಿಸುವ ಪದ್ಧತಿ ಇತ್ತು. ಚೇತರಿಕೆ ನಿಧಾನ. ಡಿಲಾರ್ಮ್ ಭಾರವನ್ನು ಹೆಚ್ಚಿಸಿ, ರೆಪ್ ಕಮ್ಮಿ ಮಾಡಿ, ವಾರವಾರ ಏರಿಸುತ್ತಾ ಹೋದರು. ಫಲಿತಾಂಶ 1945ರಲ್ಲಿ ಪ್ರಕಟವಾಯಿತು. ಆಮೇಲೆ ಅವರು ಹತ್ತು ಹತ್ತು ರೆಪ್‌ನ ಮೂರು ಸೆಟ್ ಸಾಕು ಅಂತ ಇನ್ನೂ ಸರಳ ಮಾಡಿದರು. ಇಂದಿಗೂ ಯಾವ ಜಿಮ್‌ಗೆ ಹೋದರೂ ಕೇಳುವ "ಮೂರು ಸೆಟ್, ಹತ್ತು ರೆಪ್" ಎಂಬ ಮಾತಿನ ಬೇರು ಅಲ್ಲಿದೆ.

ಏರಿಸುವ ಕ್ರಮ ಸುಲಭ. 8 ಕೆಜಿ ಡಂಬಲ್‌ನಲ್ಲಿ ಇವತ್ತು 9 ರೆಪ್ ಆಯಿತು ಅನ್ನಿ. ಮುಂದಿನ ಸಲ 10, ಆಮೇಲೆ 11. ಎಲ್ಲ ಸೆಟ್‌ನಲ್ಲೂ 12 ಮುಟ್ಟಿದ ಮೇಲೆ 9 ಅಥವಾ 10 ಕೆಜಿ ಹಿಡಿಯಿರಿ. ರೆಪ್ ಮತ್ತೆ ಎಂಟಕ್ಕೆ ಇಳಿಯುತ್ತದೆ. ಪುನಃ ಅಲ್ಲಿಂದ. ಇದಕ್ಕೆ ಒಂದು ಸಣ್ಣ ನೋಟ್‌ಬುಕ್ ಬೇಕು. ನೆನಪಿನ ಮೇಲೆ ನಂಬಿಕೆ ಇಟ್ಟರೆ ಮೂರು ತಿಂಗಳು ಅದೇ ಭಾರ ಎತ್ತುತ್ತಿರುತ್ತೀರಿ.

ಯಾವ ವ್ಯಾಯಾಮ?

ಪಟ್ಟಿ ಉದ್ದ ಮಾಡಬೇಕಿಲ್ಲ. ಮುಂಭಾಗಕ್ಕೆ ಎರಡು, ಹಿಂಭಾಗಕ್ಕೆ ಎರಡು ಸಾಕು.

ಮುಂಭಾಗಕ್ಕೆ ಅಂಗೈ ಮೇಲೆ ಮಾಡಿ ಎತ್ತುವ ಕರ್ಲ್ ಒಂದು, ಸುತ್ತಿಗೆ ಹಿಡಿತದ ಕರ್ಲ್ ಇನ್ನೊಂದು. ಕರ್ಲ್ ಅಂದರೆ ಮೊಣಕೈ ಮಡಿಸಿ ಭಾರವನ್ನು ಭುಜದ ಕಡೆ ತರುವುದು. ಇದರಲ್ಲಿ ಜನ ಮಾಡುವ ಎಡವಟ್ಟನ್ನು ಯಾವ ಜಿಮ್‌ನಲ್ಲಾದರೂ ನೋಡಬಹುದು. ಭಾರ ಮೀರಿದಾಗ ಸೊಂಟ ಹಿಂದಕ್ಕೆ ಬಾಗುತ್ತದೆ, ಡಂಬಲ್ ತೂಗಿಕೊಂಡು ಮೇಲೆ ಬರುತ್ತದೆ, ಆಮೇಲೆ ಧೊಪ್ಪನೆ ಕೆಳಗೆ ಬೀಳುತ್ತದೆ. ಎತ್ತಿದ್ದು ಸೊಂಟ. ಇಳಿಸಿದ್ದು ಭೂಮಿಯ ಸೆಳೆತ. ಬೈಸೆಪ್ಸ್‌ಗೆ ಸಿಕ್ಕಿದ್ದು ಏನೂ ಇಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ, ಮೊಣಕೈ ಪಕ್ಕೆಯಲ್ಲೇ ಇರಲಿ, ಇಳಿಸುವಾಗ ಮನಸ್ಸಿನಲ್ಲೇ ಎರಡೋ ಮೂರೋ ಎಣಿಸಿ. ಕೆಳಗೆ ಕೈ ಪೂರ್ತಿ ನೆಟ್ಟಗಾಗಬೇಕು. ಇಳಿಸುವಾಗಲೂ ಸ್ನಾಯು ಭಾರ ಹಿಡಿದುಕೊಂಡೇ ಇರುತ್ತದೆ, ಅದೂ ಬೆಳವಣಿಗೆಯ ಕೆಲಸವೇ.

ಹಿಂಭಾಗಕ್ಕೆ ಒಂದು ತಳ್ಳುವ ವ್ಯಾಯಾಮ ಇರಲಿ. ನಮ್ಮ ದಂಡೆ ಅಥವಾ ಕೈಗಳನ್ನು ಹತ್ತಿರ ಇಟ್ಟು ಮಾಡುವ ಪುಷ್‌ಅಪ್ ಆಗಬಹುದು. ಇನ್ನೊಂದು, ಕೈ ತಲೆಯ ಮೇಲೆತ್ತಿ ಮಾಡುವುದು. ಡಂಬಲ್ಲನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಹಿಂದಕ್ಕೆ ಇಳಿಸಿ, ಮೇಲಕ್ಕೆ ನೆಟ್ಟಗೆ ಚಾಚುವುದು.

ತಲೆಯ ಮೇಲೆ ಯಾಕೆ? ಟ್ರೈಸೆಪ್ಸ್‌ನ ಮೂರು ತಲೆಗಳಲ್ಲಿ ಉದ್ದನೆಯದು ಹೆಗಲ ಹಲಗೆಮೂಳೆಯಿಂದ ಹೊರಡುತ್ತದೆ. ಕೈ ಮೇಲೆತ್ತಿದಾಗ ಅದು ಚೆನ್ನಾಗಿ ಹಿಗ್ಗುತ್ತದೆ. ಜಪಾನಿನ ಸಂಶೋಧಕರು 2022ರಲ್ಲಿ ಇದರ ಅಧ್ಯಯನ ಪ್ರಕಟಿಸಿದರು. 21 ಜನರು 12 ವಾರ ಒಂದು ತೋಳಿಗೆ ಕೈ ತಲೆಯ ಮೇಲೆತ್ತಿ, ಇನ್ನೊಂದಕ್ಕೆ ಕೈ ಪಕ್ಕೆಯಲ್ಲಿಟ್ಟು ವ್ಯಾಯಾಮ ಮಾಡಿದರು. ತಲೆಯ ಮೇಲೆ ದುಡಿಸಿದ ತೋಳಿನ ಟ್ರೈಸೆಪ್ಸ್ ಜಾಸ್ತಿ ಬೆಳೆದಿತ್ತು. ಹಾಗೆ ಮಾಡುವಾಗ ಎತ್ತಿದ ಭಾರ ಕಮ್ಮಿ ಇದ್ದರೂ ಕೂಡ. ಭುಜ ನೋಯುವವರು ಮಾತ್ರ ಇದನ್ನು ಒತ್ತಾಯದಿಂದ ಮಾಡಬಾರದು.

ಜಿಮ್ ಇಲ್ಲದಿದ್ದರೆ

ಒಂದು ಲೀಟರ್ ನೀರು ಒಂದು ಕೆಜಿ ತೂಗುತ್ತದೆ. ಈ ಒಂದು ಮಾತು ಗೊತ್ತಿದ್ದರೆ ಮನೆಯೇ ಜಿಮ್. ಹಿಡಿಕೆ ಇರುವ 10 ಲೀಟರ್ ಕ್ಯಾನ್ ತೆಗೆದುಕೊಳ್ಳಿ, ಎಣ್ಣೆಯದ್ದು ಖಾಲಿಯಾಗಿದ್ದರೂ ನಡೆಯುತ್ತದೆ. ಆರು ಲೀಟರ್ ಅಳೆದು ಹಾಕಿ ಕರ್ಲ್ ಮಾಡಿ. ಹನ್ನೆರಡು ರೆಪ್ ಸಲೀಸಾದಾಗ ಅರ್ಧ ಲೀಟರ್ ಸೇರಿಸಿ. ಡಂಬಲ್‌ನಲ್ಲಿ 5 ಆದ ಮೇಲೆ 7.5 ಅಂತ ಒಮ್ಮೆಗೇ ಜಿಗಿಯಬೇಕಾಗುತ್ತದೆ. ನೀರಿನಲ್ಲಿ ಲೋಟದ ಲೆಕ್ಕದಲ್ಲಿ ಏರಿಸಬಹುದು. ಮುಚ್ಚಳ ಬಿಗಿ ಇರಲಿ.

ಟ್ರೈಸೆಪ್ಸ್‌ಗೆ ದಂಡೆ ಇದ್ದೇ ಇದೆ. ಆಗದವರು ಗೋಡೆಗೆ ಕೈ ಊರಿ ಶುರು ಮಾಡಿ, ಆಮೇಲೆ ಕಟ್ಟೆ, ಆಮೇಲೆ ನೆಲ. ನೆಲದ ಮೇಲೆ ಇಪ್ಪತ್ತು ಸಲೀಸಾದರೆ ಬೆನ್ನಿಗೆ ಪುಸ್ತಕ ತುಂಬಿದ ಬ್ಯಾಗ್.

ತಟ್ಟೆಯಲ್ಲಿ ಏನಿರಬೇಕು

ಇಟ್ಟಿಗೆ ಇಲ್ಲದೆ ಗೋಡೆ ಏಳುವುದಿಲ್ಲ. ಸ್ನಾಯುವಿಗೆ ಇಟ್ಟಿಗೆ ಅಂದರೆ ಪ್ರೋಟೀನ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಾಮಾನ್ಯ ಆರೋಗ್ಯಕ್ಕೆ ಹೇಳುವುದು ಮೈತೂಕದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ. ಭಾರ ಎತ್ತುವವರಿಗೆ ಸ್ನಾಯು ಬೆಳೆಯಲು ಸುಮಾರು 1.6 ಗ್ರಾಂವರೆಗೆ ಉಪಯೋಗ ಕಂಡುಬಂದಿದೆ. ಅದರಾಚೆ ತಿಂದರೆ ಹೆಚ್ಚಿನ ಲಾಭ ಇಲ್ಲವೆನ್ನುವಷ್ಟು ಕಮ್ಮಿ. 60 ಕೆಜಿ ತೂಗುವ ಹುಡುಗನಿಗೆ ದಿನಕ್ಕೆ 96 ಗ್ರಾಂ ಆಯಿತು.

ನಮ್ಮ ಊಟದಲ್ಲಿ ಇದು ಸಿಗುತ್ತದಾ? ಲೆಕ್ಕ ಹಾಕೋಣ. ಮೂರು ಇಡ್ಲಿ, ಸಾಂಬಾರ್‌ನಲ್ಲಿ 8ರಿಂದ 9 ಗ್ರಾಂ. 100 ಗ್ರಾಂ ಹಿಟ್ಟಿನ ರಾಗಿಮುದ್ದೆಯಲ್ಲಿ 7. ಹೆಸರುಕಾಳೋ ಹುರುಳಿಯೋ 50 ಗ್ರಾಂ ಬಿದ್ದ ಸಾರಿನಲ್ಲಿ 11ರಿಂದ 12. ಒಂದು ಬಟ್ಟಲು ಗಟ್ಟಿ ಮೊಸರಿನಲ್ಲಿ 6. ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7. ಒಂದು ದೊಡ್ಡ ಲೋಟ ಹಾಲಿನಲ್ಲಿ 8. ಒಂದು ಮೊಟ್ಟೆಯಲ್ಲಿ 6. ಸೋಯಾ ಚಂಕ್ಸ್ ಒಣಗಿದ್ದು 40 ಗ್ರಾಂ ನೆನೆಸಿ ಪಲ್ಯ ಮಾಡಿದರೆ 20. ಕೋಳಿಯೋ ಬಂಗುಡೆಯೋ ತಿನ್ನುವ ಮನೆಯಲ್ಲಿ ಇನ್ನೂ ಸುಲಭ.

ಎಡವುವುದು ಒಂದು ಕಡೆ. ಬೇಳೆಯಲ್ಲಿ ಪ್ರೋಟೀನ್ ಇದೆ ಅಂತ ಎಲ್ಲರೂ ಹೇಳುತ್ತೇವೆ. ತೊಗರಿಬೇಳೆ 100 ಗ್ರಾಂನಲ್ಲಿ ಸುಮಾರು 22 ಗ್ರಾಂ ಇರುವುದೂ ನಿಜ. ಆದರೆ ಐದು ಜನರಿಗೆ ಒಂದು ಹಿಡಿ ಬೇಳೆ ಹಾಕಿ ಮಾಡಿದ ತಿಳಿಸಾರಿನಲ್ಲಿ ಒಬ್ಬರ ತಟ್ಟೆಗೆ ಬರುವುದು ಎರಡು ಗ್ರಾಮೂ ಇರುವುದಿಲ್ಲ. ಅನ್ನದ ರಾಶಿ, ಮೇಲೆ ತಿಳಿಸಾರು. ಹೊಟ್ಟೆ ತುಂಬುತ್ತದೆ, ಇಟ್ಟಿಗೆ ಬರುವುದಿಲ್ಲ. ಕಾಳು ಕೈಗೆ ಸಿಗುವಷ್ಟು ಇರಲಿ.

ಒಟ್ಟು ಊಟವೂ ಸಾಕಷ್ಟಿರಬೇಕು. ತೀರಾ ಸಣಕಲು ಇರುವವರು ಬರೀ ಪ್ರೋಟೀನ್ ಲೆಕ್ಕ ಹಾಕಿ ಅನ್ನ, ಮುದ್ದೆ ಬಿಟ್ಟರೆ ದೇಹ ಆ ಪ್ರೋಟೀನನ್ನೇ ಉರುವಲಾಗಿ ಸುಡುತ್ತದೆ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಡಬ್ಬಿ, ಪುಡಿ, ಇಂಜೆಕ್ಷನ್

ವೇ ಪ್ರೋಟೀನ್ ಪುಡಿ ಅಂದರೆ ಹಾಲು ಒಡೆದಾಗ ಉಳಿಯುವ ತಿಳಿನೀರಿನಿಂದ ತೆಗೆದ ಪ್ರೋಟೀನ್. ಅದೊಂದು ಆಹಾರ, ಔಷಧಿಯಲ್ಲ. ಊಟದಲ್ಲೇ ಸಾಲುತ್ತಿದ್ದರೆ ಬೇಕಾಗಿಲ್ಲ.

ಕ್ರಿಯಾಟಿನ್ ಮಾಂಸ, ಮೀನಿನಲ್ಲಿ ಸಹಜವಾಗಿ ಇರುವ ವಸ್ತು. ದಿನಕ್ಕೆ 3ರಿಂದ 5 ಗ್ರಾಂ ತೆಗೆದುಕೊಂಡರೆ ಒಂದೆರಡು ರೆಪ್ ಜಾಸ್ತಿ ಮಾಡಲು ನೆರವಾಗುತ್ತದೆ ಎಂಬುದು ಬಹಳ ಅಧ್ಯಯನಗಳಲ್ಲಿ ಕಂಡಿದೆ. ಸ್ನಾಯುವಿನೊಳಗೆ ನೀರು ಹಿಡಿದಿಡುವುದರಿಂದ ತೂಕವೂ ಸ್ವಲ್ಪ ಏರುತ್ತದೆ.

ಇಂಜೆಕ್ಷನ್ ವಿಷಯ ಬೇರೆ. ಯಾರಾದರೂ ಎರಡು ತಿಂಗಳಲ್ಲಿ ಸೈಜ್ ಬರಿಸುತ್ತೇನೆ ಅಂತ ಕಿವಿಯಲ್ಲಿ ಹೇಳಿದರೆ ಅದು ಸಾಮಾನ್ಯವಾಗಿ ಸ್ಟೀರಾಯ್ಡ್, ಅಂದರೆ ಗಂಡಸರ ಹಾರ್ಮೋನಿನಂತೆ ಕೆಲಸ ಮಾಡುವ ಔಷಧಿ. ಹೊರಗಿನಿಂದ ಹಾರ್ಮೋನ್ ಬಂದಾಗ ದೇಹ ತನ್ನದನ್ನು ತಯಾರಿಸುವುದು ನಿಲ್ಲಿಸುತ್ತದೆ. ವೃಷಣ ಕುಗ್ಗುವುದು, ಮಕ್ಕಳಾಗಲು ತೊಂದರೆ, ಗಂಡಸರಿಗೆ ಎದೆ ಬೆಳೆಯುವುದು, ಹೃದಯದ ಗೋಡೆ ದಪ್ಪಗಾಗುವುದು, ಇವೆಲ್ಲ ದಾಖಲಾದ ಹಾನಿಗಳು. ಹದಿಹರೆಯದ ಮಕ್ಕಳಲ್ಲಿ ಎತ್ತರ ಬೆಳೆಯುವುದೇ ನಿಂತುಹೋಗಬಹುದು. ಮನೆಯಲ್ಲಿ ಜಿಮ್‌ಗೆ ಹೋಗುವ ಹುಡುಗನಿದ್ದರೆ ಈ ಮಾತನ್ನು ಕೂತು ಮಾತಾಡಿ, ಬೈದಲ್ಲ.

ನೋವು, ಮತ್ತೆ ಯಾವಾಗ ಹೆದರಬೇಕು

ಹೊಸ ವ್ಯಾಯಾಮ ಮಾಡಿದ ಮಾರನೇ ದಿನ ತೋಳು ಹಿಡಿದುಕೊಳ್ಳುತ್ತದೆ. ತಲೆ ಬಾಚಲು ಕೈ ಮೇಲೇಳುವುದಿಲ್ಲ. ಇದಕ್ಕೆ ಲ್ಯಾಕ್ಟಿಕ್ ಆಸಿಡ್ ಕಾರಣ ಅಂತ ಹಳೆಯ ನಂಬಿಕೆ. ಆ ಆಮ್ಲ ವ್ಯಾಯಾಮ ಮುಗಿದ ಒಂದೆರಡು ಗಂಟೆಯಲ್ಲೇ ರಕ್ತದಿಂದ ಹೋಗಿರುತ್ತದೆ. ನೋವಿಗೆ ಕಾರಣ ರೂಢಿಯಿಲ್ಲದ ಕೆಲಸದಿಂದ, ಅದರಲ್ಲೂ ಭಾರ ಇಳಿಸುವಾಗ, ಎಳೆಗಳಲ್ಲಿ ಆಗುವ ಸೂಕ್ಷ್ಮ ಜಖಂ ಮತ್ತು ಉರಿಯೂತ. ಎರಡು ಮೂರು ದಿನದಲ್ಲಿ ಇಳಿಯುತ್ತದೆ. ನೋವಾದರೆ ಮಾತ್ರ ಬೆಳೆಯುತ್ತದೆ ಅಂತೇನಿಲ್ಲ.

ಆದರೆ ಮೊದಲ ದಿನವೇ ಗೆಳೆಯರ ಜೊತೆ ಪಂಥ ಕಟ್ಟಿ ಇನ್ನೂರು, ಮುನ್ನೂರು ರೆಪ್ ಹೊಡೆಯುವುದು ಅಪಾಯ. ತೋಳು ಊದಿಕೊಂಡು ಮಡಿಸಲಾಗದಂತಾಗಿ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸ್ನಾಯು ಒಡೆದು ಅದರ ಪ್ರೋಟೀನ್ ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟು ಕೊಡುತ್ತಿರುವ ಲಕ್ಷಣ ಅದು. ಭಾರ ಎತ್ತುವಾಗ ಟಪ್ ಅಂತ ಸದ್ದಾಗಿ ತೋಳಿನ ಆಕಾರ ಬದಲಾದರೂ ಹಾಗೆಯೇ, ಸ್ನಾಯುವಿನ ಕಟ್ಟು ಹರಿದಿರಬಹುದು. ಬಿಪಿ ಇರುವವರು ಉಸಿರು ಬಿಗಿ ಹಿಡಿದು ಎತ್ತಬಾರದು. ಎತ್ತುವಾಗ ಉಸಿರು ಬಿಡಬೇಕು.

ಹೆಂಗಸರು, ವಯಸ್ಸಾದವರು, ಜೋತುಬಿದ್ದ ತೋಳು

ಭಾರ ಎತ್ತಿದರೆ ಗಂಡಸಿನ ತೋಳಿನಂತಾಗುತ್ತದೆ ಅಂತ ಹೆಂಗಸರು ಹೆದರುತ್ತಾರೆ. ಸ್ನಾಯು ದಪ್ಪಗಾಗಲು ನೆರವಾಗುವ ಟೆಸ್ಟೊಸ್ಟಿರೋನ್ ಹಾರ್ಮೋನ್ ಅವರಲ್ಲಿ ಬಹಳ ಕಮ್ಮಿ. ತೋಳು ಗಟ್ಟಿಯಾಗುತ್ತದೆ, ಶಕ್ತಿ ಬರುತ್ತದೆ, ಗಾತ್ರ ಅಷ್ಟು ಬೇಗ ಏರುವುದಿಲ್ಲ.

ವಯಸ್ಸಾದವರಿಗೆ ತಡವಾಯಿತು ಎಂಬ ಮಾತೂ ಸರಿಯಲ್ಲ. 1990ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ವೃದ್ಧಾಶ್ರಮದಲ್ಲಿದ್ದ ತೊಂಬತ್ತರ ಆಸುಪಾಸಿನವರು ಎಂಟು ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿದರು. ಅವರ ಕಾಲಿನ ಶಕ್ತಿ ಎರಡು ಪಟ್ಟಿಗಿಂತ ಜಾಸ್ತಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿ ಎಂದು ಹೇಳುವುದು ಎಲ್ಲ ವಯಸ್ಕರಿಗೆ.

ತೋಳಿನ ಕೊಬ್ಬು ಕರಗಿಸಲು ತೋಳಿಗೇ ವ್ಯಾಯಾಮ ಮಾಡಿದರೆ ಆಗುತ್ತದಾ ಅಂತ ಬಹಳ ಜನ ಕೇಳುತ್ತಾರೆ. 1971ರಲ್ಲಿ ಟೆನಿಸ್ ಆಟಗಾರರ ಎರಡೂ ತೋಳುಗಳನ್ನು ಅಳೆದು ನೋಡಿದರು. ವರ್ಷಗಟ್ಟಲೆ ಆಡಿದ ಕೈ ದಪ್ಪಗಿತ್ತು. ಚರ್ಮದ ಕೆಳಗಿನ ಕೊಬ್ಬಿನ ಪದರ ಮಾತ್ರ ಎರಡರಲ್ಲೂ ಒಂದೇ. ಕೊಬ್ಬು ಇಡೀ ಮೈಯಿಂದ ಕರಗುತ್ತದೆ, ಎಲ್ಲಿಂದ ಮೊದಲು ಅನ್ನುವುದು ನಮ್ಮ ಕೈಯಲ್ಲಿಲ್ಲ.

ಅಳೆಯುವುದು ಹೇಗೆ, ಎಷ್ಟು ಕಾಯಬೇಕು

ಬೆಳಿಗ್ಗೆ, ವ್ಯಾಯಾಮಕ್ಕೆ ಮುಂಚೆ ಅಳೆಯಿರಿ. ವ್ಯಾಯಾಮ ಮುಗಿದ ಕೂಡಲೇ ಸ್ನಾಯುವಿಗೆ ರಕ್ತ ತುಂಬಿ ತೋಳು ಉಬ್ಬಿರುತ್ತದೆ, ಗಂಟೆ ಕಳೆದರೆ ಇಳಿಯುತ್ತದೆ. ಭುಜದ ತುದಿಗೂ ಮೊಣಕೈ ತುದಿಗೂ ಸರಿಯಾಗಿ ನಡುವೆ ಪೆನ್ನಿನಿಂದ ಗುರುತು ಮಾಡಿ, ಪ್ರತಿ ಸಲ ಅಲ್ಲೇ ಟೇಪ್ ಸುತ್ತಿ. ತಿಂಗಳಿಗೊಮ್ಮೆ ಸಾಕು. ಹೊಸಬರಿಗೆ ಮೂರು ನಾಲ್ಕು ತಿಂಗಳಲ್ಲಿ ಒಂದೆರಡು ಸೆಂಟಿಮೀಟರ್ ಆದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಅಂತ ಅರ್ಥ.

ಆಕಾರ ಮಾತ್ರ ಹುಟ್ಟಿನಿಂದ ಬಂದದ್ದು. ಕೈ ಅರ್ಧ ಮಡಿಸಿ ಬಿಗಿ ಮಾಡಿ. ಮೊಣಕೈ ಗೆರೆಗೂ ಬೈಸೆಪ್ಸ್ ಉಬ್ಬಿಗೂ ನಡುವೆ ಎಷ್ಟು ಬೆರಳು ಹಿಡಿಸುತ್ತದೆ ನೋಡಿ. ಕೆಲವರಿಗೆ ಒಂದು, ಕೆಲವರಿಗೆ ಮೂರು. ಒಂದು ಬೆರಳಿನವರ ಸ್ನಾಯು ಉದ್ದ, ತೋಳು ತುಂಬಿದಂತೆ ಕಾಣುತ್ತದೆ. ಮೂರು ಬೆರಳಿನವರ ಸ್ನಾಯು ಗಿಡ್ಡ, ಉಬ್ಬು ಗುಡ್ಡದಂತೆ ಏಳುತ್ತದೆ. ಇದನ್ನು ಯಾವ ವ್ಯಾಯಾಮವೂ ಬದಲಿಸುವುದಿಲ್ಲ.

ನಮ್ಮ ಹುಡುಗನಿಗೆ ಎರಡು ಬೆರಳು ಹಿಡಿಸಿತು. ರಜೆ ಮುಗಿಸಿ ಹೊರಟಾಗ ಅವರಮ್ಮ ಬ್ಯಾಗಿಗೆ ಹುರಿದ ಕಡಲೆಕಾಯಿ ಬೀಜದ ಡಬ್ಬ ಹಾಕಿದರು. ಅವನು ನನ್ನ ಮೇಜಿನಿಂದ ಒಂದು ಸಣ್ಣ ನೋಟ್‌ಬುಕ್ ಎತ್ತಿಕೊಂಡು ಮೊದಲ ಪುಟದಲ್ಲಿ ಬರೆದುಕೊಂಡ: "ಟ್ರೈಸೆಪ್ಸ್, 7.5 ಕೆಜಿ, 10, 9, 8."